ಜೀವಾಣುವಿನ ವಂಶಾವಳಿ

ವಿಜ್ಞಾನದ ವಿಷಯವಾಗಿ ಕನ್ನಡದ ಮೇಷ್ಟ್ರೊಬ್ಬ ಮಾತನಾಡಲು ಹೊರಟರೆ ಕೇಳುವವರಿಗೆ ಸಂಶಯ ಮೂಡುವುದು ಸಹಜ. ಅದು ನ್ಯಾಯವಾದ ಸಂಶಯವೇ. ಆದರೆ ಇಂದು ನಾನು ಪರಿಚಯಿಸಬೇಕೆಂದಿರುವ ವಿಜ್ಞಾನಿಯ ಕೆಲಸದ ರೀತಿ ನನಗೆ ಪರಕೀಯವೆನ್ನಿಸಲಿಲ್ಲ. ಆತ ಅಮೆರಿಕದವರು, ಹೆಸರು ಪಾಲ್ ಕೈಮ್. ಅವರ ಕ್ಷೇತ್ರ, ಅಪರಾಧಗಳ ತನಿಖೆಗೆ ನೆರವಾಗುವ ಜೀವವಿಜ್ಞಾನ. ರೋಗಾಣುಗಳನ್ನು ಆಯುಧವಾಗಿ ಬಳಸುವವರನ್ನು ಪತ್ತೆ ಹಚ್ಚುವುದರಲ್ಲಿ ಅವರ ದೇಶದ ಸರ್ಕಾರ ಅವರನ್ನು ಮತ್ತೆ ಮತ್ತೆ ಅವಲಂಬಿಸಿತು. ನಾವು ಗ್ರಂಥಸಂಪಾದನೆ ಎಂದು ಕರೆಯುವ ಶಾಸ್ತ್ರದ ಒಳದಾರಿಯಲ್ಲೇ ಅವರು ನಡೆದಂತೆ ನನಗೆ ತೋರಿತು. ಆ ಧೈರ್ಯದ ಮೇಲೆ ಈ ನಾಲ್ಕು ಮಾತು.

ಹಳೆಯ ಕಾವ್ಯವೊಂದರ ಓಲೆಗರಿ ಪ್ರತಿಗಳು ಹತ್ತು ಊರುಗಳಲ್ಲಿ ಸಿಕ್ಕುತ್ತವೆ ಎನ್ನೋಣ. ಕವಿಯ ಕೈಬರಹದ ಮೂಲಪ್ರತಿ ಎಂದೋ ಕಾಣೆಯಾಗಿದೆ. ಉಳಿದವುಗಳಲ್ಲಿ ಯಾವುದು ಯಾವುದರ ನಕಲು? ಇದನ್ನು ಬಲ್ಲವರು ಸರಿಯಾದ ಪಾಠಗಳನ್ನು ನೋಡಿ ತೀರ್ಮಾನಿಸುವುದಿಲ್ಲ. ತಪ್ಪುಗಳನ್ನು ನೋಡಿ ತೀರ್ಮಾನಿಸುತ್ತಾರೆ. ಸರಿಯಾದುದು ಎಲ್ಲರಲ್ಲಿಯೂ ಸರಿಯಾಗಿಯೇ ಇರಬಹುದು. ಆದರೆ ಲಿಪಿಕಾರನೊಬ್ಬ ಒಂದು ಪದ್ಯದಲ್ಲಿ ಅಕ್ಷರವೊಂದನ್ನು ಜಾರಿಸಿದರೆ, ಅವನ ಪ್ರತಿಯನ್ನು ನೋಡಿ ಬರೆದುಕೊಂಡವರೆಲ್ಲರೂ ಆ ತಪ್ಪನ್ನು ಭಕ್ತಿಯಿಂದ ಹೊತ್ತುಕೊಂಡು ಸಾಗುತ್ತಾರೆ. ಒಂದೇ ತಪ್ಪು ಎರಡು ಪ್ರತಿಗಳಲ್ಲಿದ್ದರೆ ಅವೆರಡೂ ಒಂದೇ ಮನೆತನದವು. ಡಿ. ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥ ಸಂಪಾದನೆ'ಯನ್ನು 1964ರಲ್ಲಿ ಹೊರತಂದರು. ಅದನ್ನು ಪಾಠವಾಗಿ ಓದಿದ ನಮ್ಮ ತಲೆಮಾರಿಗೆ ಈ ತರ್ಕ ಅಂಗೈ ಗೆರೆಯಷ್ಟು ಪರಿಚಿತ.

ಜೀವಾಣುವೂ ಒಂದು ಗ್ರಂಥವೇ. ಅದು ಎರಡಾಗಿ ಒಡೆಯುವಾಗಲೆಲ್ಲ ತನ್ನ ಡಿಎನ್‌ಎ ಎಂಬ ಬರಹವನ್ನು ಅಕ್ಷರಶಃ ನಕಲು ಮಾಡುತ್ತದೆ. ನಾಲ್ಕೇ ಅಕ್ಷರಗಳ ವರ್ಣಮಾಲೆ. ಆದರೆ ಗ್ರಂಥ ದೊಡ್ಡದು. ನಾವಿಂದು ಮುಖ್ಯವಾಗಿ ಎತ್ತಿಕೊಂಡಿರುವ ಆಂಥ್ರಾಕ್ಸ್ ಜೀವಾಣುವಿನಲ್ಲಿ ಸುಮಾರು 52 ಲಕ್ಷ ಅಕ್ಷರಗಳಿವೆ. ನಕಲಿನಲ್ಲಿ ಎಲ್ಲೋ ಒಮ್ಮೊಮ್ಮೆ ಸ್ಖಲಿತವುಂಟಾಗುತ್ತದೆ. ಆ ಸ್ಖಲಿತ ಮಕ್ಕಳು ಮೊಮ್ಮಕ್ಕಳಿಗೆ ಇಳಿದು ಬರುತ್ತದೆ. ಅದನ್ನು ಓದಬಲ್ಲವನಿಗೆ ರೋಗಾಣುವಿನ ವಂಶವೃಕ್ಷ ತಿಳಿಯುತ್ತದೆ.

ಆಂಥ್ರಾಕ್ಸ್ ಎಂದರೆ ನಮ್ಮ ಕುರುಬರಿಗೂ ರೈತರಿಗೂ ಹೊಸದಲ್ಲ. ನಮ್ಮ ಕಡೆ ಅದನ್ನು ನೆರಡಿ ರೋಗ ಎನ್ನುತ್ತಾರೆ. ಬೆಳಿಗ್ಗೆ ಮೇವು ತಿಂದ ದನ ಸಂಜೆಗೆ ಸತ್ತು ಬಿದ್ದಿರುತ್ತದೆ. ಮೂಗು ಬಾಯಿಗಳಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ. ಇಂಥ ಹೆಣವನ್ನು ಕೊಯ್ಯಬಾರದು, ಸುಣ್ಣ ಹಾಕಿ ಆಳವಾಗಿ ಹೂಳಬೇಕು ಎಂಬುದು ಪಶುವೈದ್ಯರ ಕಟ್ಟುನಿಟ್ಟಿನ ಮಾತು. ಕಾರಣವಿಷ್ಟೆ: ಗಾಳಿ ಸೋಕಿದೊಡನೆ ಈ ಜೀವಾಣು ಗಟ್ಟಿ ಕವಚ ತೊಟ್ಟು ಬೀಜಾಣುವಾಗುತ್ತದೆ. ಆ ರೂಪದಲ್ಲಿ ಅದು ಮಣ್ಣಿನಲ್ಲಿ ಹತ್ತಾರು ವರ್ಷ ಉಣ್ಣದೆ, ಬೆಳೆಯದೆ, ಸಾಯದೆ ಕಾದಿರಬಲ್ಲದು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ತಯಾರಿಸುತ್ತ ಬಂದಿರುವ ನೆರಡಿ ಲಸಿಕೆ ಈ ಶತ್ರುವಿನ ವಿರುದ್ಧವೇ. 1876ರಲ್ಲಿ ಜರ್ಮನಿಯ ರಾಬರ್ಟ್ ಕಾಕ್, ನಿರ್ದಿಷ್ಟ ಜೀವಾಣುವೊಂದು ನಿರ್ದಿಷ್ಟ ರೋಗವನ್ನು ತರುತ್ತದೆಂದು ತೋರಿಸಿದ್ದೂ ಇದೇ ರೋಗವನ್ನು ಹಿಡಿದು.

ಕಾಯುವ ಈ ತಾಳ್ಮೆಯೇ ಅದನ್ನು ಸೈನ್ಯಗಳ ಕಣ್ಣಿಗೆ ಬೀಳಿಸಿತು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷರು ಸ್ಕಾಟ್ಲೆಂಡಿನ ಗ್ರುಯ್ನಾರ್ಡ್ ಎಂಬ ನಡುಗಡ್ಡೆಯಲ್ಲಿ ಕುರಿಗಳನ್ನು ಕಟ್ಟಿಹಾಕಿ ಈ ಬೀಜಾಣುಗಳ ಬಾಂಬನ್ನು ಪರೀಕ್ಷಿಸಿದರು. ಕುರಿಗಳೇನೋ ಕೆಲವೇ ದಿನಗಳಲ್ಲಿ ಸತ್ತವು. ದ್ವೀಪ ಮಾತ್ರ ಸುಮಾರು ಅರ್ಧ ಶತಮಾನ ಮನುಷ್ಯರಿಗೆ ನಿಷಿದ್ಧವಾಯಿತು. ನೆಲವನ್ನೆಲ್ಲ ಫಾರ್ಮಾಲ್ಡಿಹೈಡ್‌ನಿಂದ ತೋಯಿಸಿ, ಅದು ನಿರಪಾಯವೆಂದು ಸಾರಿದ್ದು 1990ರಲ್ಲಿ. ಜೈವಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 1972ರಲ್ಲಿ ಸಹಿಯಾಯಿತು. ಆದರೆ ಒಪ್ಪಂದ ಮುರಿದವರನ್ನು ಹಿಡಿಯುವುದು ಹೇಗೆ? ರೋಗ ತಾನಾಗಿ ಬಂದುದೋ, ಯಾರಾದರೂ ತಂದುದೋ ಎಂದು ತಿಳಿಯುವುದಾದರೂ ಹೇಗೆ? ಈ ಪ್ರಶ್ನೆಗಳಿಗೆ ಬಹುಕಾಲ ಉತ್ತರವಿರಲಿಲ್ಲ.

ಪಾಲ್ ಕೈಮ್ ಈ ಪ್ರಶ್ನೆಗಳ ಬಳಿಗೆ ಬಂದದ್ದು ಯುದ್ಧದ ದಾರಿಯಿಂದಲ್ಲ, ಗಿಡಮರಗಳ ದಾರಿಯಿಂದ. ಆರಂಭದಲ್ಲಿ ಅವರು ಅಭ್ಯಾಸ ಮಾಡಿದ್ದು ಹೊಳೆದಂಡೆಯ ಪಾಪ್ಲರ್ ಜಾತಿಯ ಮರಗಳ ಮಿಶ್ರತಳಿಗಳನ್ನು, ಸೋಯಾ ಅವರೆಯ ಆನುವಂಶಿಕ ನಕ್ಷೆಯನ್ನು. ಅರಿಜೋನ ರಾಜ್ಯದ ಫ್ಲಾಗ್‌ಸ್ಟಾಫ್ ಎಂಬ ಬೆಟ್ಟದೂರಿನ ನಾರ್ದರ್ನ್ ಅರಿಜೋನ ವಿಶ್ವವಿದ್ಯಾಲಯ ಅವರ ಕರ್ಮಭೂಮಿ. ದೊಡ್ಡ ಹೆಸರಿನ ವಿದ್ಯಾಸಂಸ್ಥೆಯೇನಲ್ಲ. 1990ರ ದಶಕದಲ್ಲಿ ಲಾಸ್ ಅಲಮೋಸ್‌ನ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳೊಡನೆ ಸೇರಿ ಅವರು ಆಂಥ್ರಾಕ್ಸ್ ಕಡೆಗೆ ತಿರುಗಿದರು. ಗಿಡದ ತಳಿಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲ ಕೈಗೆ ಜೀವಾಣುವಿನ ತಳಿಗಳನ್ನೂ ಗುರುತಿಸಲು ಸಾಧ್ಯವಾಗಬೇಕಷ್ಟೆ.

ಆದರೆ ಮೊದಲ ಅಡ್ಡಿ ಅಲ್ಲೇ ಎದುರಾಯಿತು. ಪ್ರಪಂಚದ ಯಾವ ಮೂಲೆಯಿಂದ ತಂದರೂ ಆಂಥ್ರಾಕ್ಸ್ ಬಹುಮಟ್ಟಿಗೆ ಒಂದೇ. ಬೀಜಾಣುವಾಗಿ ನಿದ್ರಿಸುವ ಕಾಲದಲ್ಲಿ ಅದು ನಕಲಾಗುವುದಿಲ್ಲ. ಅಟ್ಟದ ಮೇಲಿಟ್ಟು ಮರೆತ ಓಲೆಕಟ್ಟಿನಲ್ಲಿ ಹೊಸ ತಪ್ಪುಗಳು ಎಲ್ಲಿಂದ ಬರಬೇಕು? ಕೈಮ್ ಮತ್ತು ಅವರ ಸಂಗಡಿಗರು ಕಂಡುಕೊಂಡ ಉಪಾಯ ಸೊಗಸಾದುದು. ಜೀವಾಣುವಿನ ಬರಹದಲ್ಲಿ ಕೆಲವೆಡೆ ಒಂದೇ ಚಿಕ್ಕ ತುಣುಕು ಮತ್ತೆ ಮತ್ತೆ ಬರುತ್ತದೆ. ಹಾಡಿನ ಪಲ್ಲವಿಯನ್ನು ಬರೆದುಕೊಳ್ಳುವ ಲಿಪಿಕಾರ ಎಷ್ಟು ಸಲ ಬರೆದೆನೆಂದು ಲೆಕ್ಕ ತಪ್ಪುವಂತೆ, ಜೀವಾಣುವೂ ಅಲ್ಲಿ ಲೆಕ್ಕ ತಪ್ಪುತ್ತದೆ: ಒಂದರಲ್ಲಿ ಆರು ಆವೃತ್ತಿ, ಇನ್ನೊಂದರಲ್ಲಿ ಏಳು. ಇಂಥ ಎಂಟು ತಾಣಗಳನ್ನು ಆರಿಸಿಕೊಂಡು ಎಣಿಸಿದಾಗ, ಹಲವು ದೇಶಗಳಿಂದ ಬಂದ 426 ಮಾದರಿಗಳು 89 ಬಗೆಗಳಾಗಿ ಒಡೆದು ನಿಂತವು. ಇದು ಪ್ರಕಟವಾದದ್ದು 2000ದಲ್ಲಿ. ಅದರ ಹಿಂದೆ ಲೂಸಿಯಾನದ ಪಶುವೈದ್ಯ ವಿದ್ವಾಂಸ ಮಾರ್ಟಿನ್ ಹ್ಯೂ-ಜೋನ್ಸ್ ಸಂಗ್ರಹಿಸಿದ್ದ ಮಾದರಿಗಳ ಭಂಡಾರವಿತ್ತು. ಹಸ್ತಪ್ರತಿಗಳನ್ನು ಊರೂರು ಅಲೆದು ತರುವವನಿಲ್ಲದೆ ಸಂಪಾದಕನಿಲ್ಲ. ಅವನ ಹೆಸರನ್ನು ಮಾತ್ರ ನಾವು ಬೇಗ ಮರೆಯುತ್ತೇವೆ.

ಈ ಉಪಾಯದ ಪ್ರಯೋಜನಕ್ಕೆ ಒಂದು ಉದಾಹರಣೆ ಜಪಾನಿನದು. 1995ರಲ್ಲಿ ಟೋಕಿಯೋದ ನೆಲದಡಿಯ ರೈಲಿನಲ್ಲಿ ಸಾರಿನ್ ವಿಷವನ್ನು ಹರಡಿದ ಓಂ ಶಿನ್ರಿಕ್ಯೋ ಎಂಬ ಪಂಥ, ಅದಕ್ಕೆ ಎರಡು ವರ್ಷ ಮೊದಲೇ ಕಮೇಯ್ದೊ ಬಡಾವಣೆಯ ತನ್ನ ಕಟ್ಟಡದ ಮೇಲಿನಿಂದ ಒಂದು ಬಗೆಯ ದ್ರವವನ್ನು ಸಿಂಪಡಿಸಿತ್ತು. ನೆರೆಹೊರೆಯವರು ದುರ್ನಾತದ ಬಗ್ಗೆ ದೂರಿತ್ತರು. ಅಧಿಕಾರಿಗಳು ಆ ದ್ರವದ ಸ್ವಲ್ಪ ಭಾಗವನ್ನು ತೆಗೆದಿಟ್ಟರು. ಯಾರಿಗೂ ಕಾಯಿಲೆಯಾಗಲಿಲ್ಲ, ವಿಷಯ ಅಲ್ಲಿಗೇ ನಿಂತಿತು. ಅದು ಆಂಥ್ರಾಕ್ಸ್ ಎಂದು ಮುಂದೆ ತಿಳಿದಾಗ, ಇಷ್ಟು ಜನನಿಬಿಡ ಸ್ಥಳದಲ್ಲಿ ಒಬ್ಬರೂ ಏಕೆ ಸಾಯಲಿಲ್ಲವೆಂಬುದು ಒಗಟಾಯಿತು. ಕೈಮ್ ಅವರ ಪ್ರಯೋಗಾಲಯ ಆ ದ್ರವದಲ್ಲಿದ್ದ ಜೀವಾಣುವನ್ನು ಓದಿ ಹೇಳಿತು: ಇದು ಸ್ಟರ್ನ್ ತಳಿ, ದನಕರುಗಳಿಗೆ ಹಾಕುವ ಲಸಿಕೆಯದು. ಕೊಲ್ಲಲು ಹೊರಟವರು ಕೈಗೆತ್ತಿಕೊಂಡದ್ದು ಹಲ್ಲು ಕಿತ್ತ ಹಾವನ್ನು.

ಈ ಸಂಶೋಧನೆ ಅಚ್ಚಾಗುವ ಮೊದಲೇ, 2001ರ ಅಕ್ಟೋಬರ್ ಬಂದಿತು. ಸೆಪ್ಟೆಂಬರ್ 11ರ ದಾಳಿಗಳಾಗಿ ಮೂರು ವಾರ ಕಳೆದಿದ್ದವು. ಫ್ಲಾರಿಡದಲ್ಲಿ ಪತ್ರಿಕಾಸಂಸ್ಥೆಯೊಂದರ ಛಾಯಾಚಿತ್ರ ಸಂಪಾದಕರೊಬ್ಬರು ಆಂಥ್ರಾಕ್ಸ್ ಬೀಜಾಣುವನ್ನು ಉಸಿರಾಡಿ ಹಾಸಿಗೆ ಹಿಡಿದು, ಅಕ್ಟೋಬರ್ 5ರಂದು ತೀರಿಕೊಂಡರು. ಅವರ ದೇಹದಿಂದ ತೆಗೆದ ಜೀವಾಣುವನ್ನು ವಿಮಾನದಲ್ಲಿ ಫ್ಲಾಗ್‌ಸ್ಟಾಫ್‌ಗೆ ಕಳುಹಿಸಲಾಯಿತು. ಊರಿನ ಸಣ್ಣ ವಿಮಾನ ನಿಲ್ದಾಣಕ್ಕೆ ಕೈಮ್ ತಾವೇ ಹೋಗಿ ಪೆಟ್ಟಿಗೆಯನ್ನು ಬರಮಾಡಿಕೊಂಡು ಪ್ರಯೋಗಾಲಯಕ್ಕೆ ತಂದರು. ರಾತ್ರಿಯಿಡೀ ಕೆಲಸ ನಡೆದು ಬೆಳಗಾಗುವ ವೇಳೆಗೆ ಉತ್ತರ ಸಿದ್ಧವಿತ್ತು: ಏಮ್ಸ್ ತಳಿ. ಅಂದರೆ ಅಮೆರಿಕದ ಸೈನ್ಯದ ಸಂಶೋಧನಾಲಯಗಳಲ್ಲಿ ಲಸಿಕೆಗಳ ಬಲವನ್ನು ಪರೀಕ್ಷಿಸಲು ಬಳಸುತ್ತಿದ್ದ ತಳಿ.

ಆ ದಿನಗಳ ಮನಃಸ್ಥಿತಿಯನ್ನು ನೆನೆಯಬೇಕು. ಸೆಪ್ಟೆಂಬರ್ 18 ಮತ್ತು ಅಕ್ಟೋಬರ್ 9ರ ಅಂಚೆ ಮುದ್ರೆಯಿದ್ದ, ಪುಡಿ ತುಂಬಿದ ಕಾಗದಗಳು ಪತ್ರಿಕಾ ಕಚೇರಿಗಳಿಗೂ ಇಬ್ಬರು ಸೆನೆಟರುಗಳಿಗೂ ಹೋಗಿದ್ದವು. 22 ಮಂದಿಗೆ ರೋಗ ತಗುಲಿ ಐವರು ಸತ್ತರು. ಅವರಲ್ಲಿ ಇಬ್ಬರು ವಾಷಿಂಗ್ಟನ್ನಿನ ಅಂಚೆ ನೌಕರರು. ಯಾರಿಗೋ ಬರೆದ ಕಾಗದವನ್ನು ವಿಂಗಡಿಸಿದ್ದಷ್ಟೆ ಅವರು ಮಾಡಿದ್ದು. ಇದು ಹೊರಗಿನ ಶತ್ರುವಿನ ಕೃತ್ಯವೆಂದು ಬಹುಮಂದಿ ನಂಬಿದರು. ಕೆಲವರು ಇರಾಕಿನತ್ತ ಬೆರಳು ತೋರಿದರು. ದೇಶವೊಂದು ಯುದ್ಧಕ್ಕೆ ಎದ್ದು ನಿಂತಿರುವಾಗ ಬೆಟ್ಟದೂರಿನ ಪ್ರಾಧ್ಯಾಪಕನೊಬ್ಬ, ಈ ಜೀವಾಣು ನಮ್ಮ ಮನೆಯ ಪಾತ್ರೆಯಲ್ಲಿ ಬೆಳೆದ ತಳಿಯದು ಎಂದು ಹೇಳಬೇಕಾಯಿತು. ಕೈಮ್ ಅವರ ವೃತ್ತಿಜೀವನದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಗಳಿಗೆ ಇದು.

ಏಮ್ಸ್ ಎಂಬ ಹೆಸರಿನದೇ ಒಂದು ಕಥೆಯಿದೆ. ಏಮ್ಸ್ ಎಂಬುದು ಅಯೋವ ರಾಜ್ಯದ ಒಂದು ಊರು. ಆದರೆ ಈ ತಳಿ ಮೊದಲು ಸಿಕ್ಕಿದ್ದು 1981ರಲ್ಲಿ, ಟೆಕ್ಸಾಸ್‌ನಲ್ಲಿ ಸತ್ತ ಒಂದು ಕಡಸಿನ ದೇಹದಲ್ಲಿ. ಅದನ್ನು ಸೈನ್ಯದ ಸಂಶೋಧನಾಲಯಕ್ಕೆ ಕಳುಹಿಸಿದ ಡಬ್ಬಿಯ ಮೇಲೆ ಏಮ್ಸ್‌ನಲ್ಲಿದ್ದ ಸರ್ಕಾರಿ ಪಶುರೋಗ ಪ್ರಯೋಗಾಲಯದ ವಿಳಾಸ ಅಚ್ಚಾಗಿತ್ತು. ಅದನ್ನು ನೋಡಿದವರು ಜೀವಾಣುವಿಗೂ ಆ ಹೆಸರನ್ನೇ ಇಟ್ಟರು. ಹೊದಿಕೆಯ ಮೇಲಿನ ಬರಹವನ್ನು ನಂಬಿ ಕೃತಿಗೆ ಕರ್ತೃವನ್ನು ಕಟ್ಟುವ ರೂಢಿ ನಮ್ಮಲ್ಲಿಯೂ ಉಂಟು! ಈ ತಪ್ಪು ಹೆಸರಿನ ಗೊಂದಲ ಬಗೆಹರಿಯುವ ಮೊದಲೇ, 2001ರ ಅಕ್ಟೋಬರಿನಲ್ಲಿ, ಏಮ್ಸ್ ಊರಿನ ಅಯೋವ ಸ್ಟೇಟ್ ವಿಶ್ವವಿದ್ಯಾಲಯ ತನ್ನಲ್ಲಿದ್ದ ಹಳೆಯ ಆಂಥ್ರಾಕ್ಸ್ ಸಂಗ್ರಹವನ್ನು ನಾಶಪಡಿಸಿತು. ತನಿಖಾ ಸಂಸ್ಥೆಯಾದ ಎಫ್.ಬಿ.ಐ. ಆಕ್ಷೇಪಿಸಲಿಲ್ಲ. ಅದರಲ್ಲಿ ಪ್ರಕರಣಕ್ಕೆ ಬೇಕಾದುದು ಏನೂ ಇಲ್ಲದೆ ಇದ್ದಿರಬಹುದು. ಆದರೂ ಓಲೆಗರಿಗಳನ್ನು ಒಲೆಗೆ ಹಾಕಿದ ಸುದ್ದಿ ಕೇಳಿದವನಂತೆ ನನಗೆ ಇದನ್ನು ಓದಿದಾಗ ಸಂಕಟವಾಯಿತು.

ಏಮ್ಸ್ ತಳಿಯೆಂದು ತಿಳಿದರೆ ಮನೆತನ ತಿಳಿದಂತಾಯಿತು, ಮನೆ ತಿಳಿದಂತಾಗಲಿಲ್ಲ. ಆ ತಳಿಯಿದ್ದ ಸುಮಾರು ಇಪ್ಪತ್ತು ಪ್ರಯೋಗಾಲಯಗಳಿಂದ ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ತರಿಸಿಕೊಂಡರು. ಅವುಗಳ ಜೋಡಿಪ್ರತಿಗಳು ಫ್ಲಾಗ್‌ಸ್ಟಾಫ್‌ನಲ್ಲಿ ಕೈಮ್ ಅವರ ವಶದಲ್ಲಿ ಉಳಿದವು. ಮೇರಿಲ್ಯಾಂಡಿನ ಜೀನೋಮ್ ಸಂಶೋಧನಾ ಸಂಸ್ಥೆ ಜೀವಾಣುವಿನ ಸಂಪೂರ್ಣ ಬರಹವನ್ನು ಅಕ್ಷರ ಅಕ್ಷರವಾಗಿ ಓದಿತು. ಅಂಚೆಯ ಪುಡಿಯನ್ನು ಬೆಳೆಸಿದಾಗ ರೂಪದಲ್ಲಿ ಸ್ವಲ್ಪ ವಿಲಕ್ಷಣವಾದ ಕೆಲವು ಗುಂಪುಗಳು ಅಲ್ಲಲ್ಲಿ ಕಾಣಿಸಿಕೊಂಡಿದ್ದವು. ಅವುಗಳನ್ನು ಹಿಡಿದು ನಾಲ್ಕು ಸ್ಖಲಿತಗಳನ್ನು ಗುರುತಿಸಲಾಯಿತು. ಆ ನಾಲ್ಕೂ ಒಟ್ಟಿಗೆ ಕಂಡದ್ದು ಎಂಟೇ ಮಾದರಿಗಳಲ್ಲಿ. ಎಂಟೂ ಸೈನ್ಯದ ಫೋರ್ಟ್ ಡೆಟ್ರಿಕ್ ಸಂಶೋಧನಾಲಯದ ಒಂದೇ ಗಾಜಿನ ಪಾತ್ರೆಯತ್ತ ಬೊಟ್ಟು ಮಾಡಿದವು. ಅದರ ಸಂಖ್ಯೆ ಆರ್.ಎಂ.ಆರ್. 1029; ಅದರ ಜವಾಬ್ದಾರಿ ಹೊತ್ತಿದ್ದವರು ಲಸಿಕಾ ವಿಜ್ಞಾನಿ ಬ್ರೂಸ್ ಐವಿನ್ಸ್. ಐವಿನ್ಸ್ 2002ರ ಫೆಬ್ರವರಿಯಲ್ಲಿ ಒಪ್ಪಿಸಿದ್ದ ಮಾದರಿ ವಿಧಿಪ್ರಕಾರ ಸಿದ್ಧವಾಗಿಲ್ಲವೆಂದು ಎಫ್.ಬಿ.ಐ. ತನ್ನ ಪ್ರತಿಯನ್ನು ಎಸೆದಿತ್ತು. ಅದರ ಜೋಡಿಯನ್ನು ಕೈಮ್ ಅವರ ಪ್ರಯೋಗಾಲಯ ಎಸೆದಿರಲಿಲ್ಲ. ವರ್ಷಗಳ ಮೇಲೆ ಪರೀಕ್ಷೆಗೆ ಒದಗಿದ್ದು ಆ ಪ್ರತಿ.

ಇಲ್ಲಿಗೆ ಪತ್ತೇದಾರಿ ಕಾದಂಬರಿಯಾಗಿದ್ದರೆ ಮುಗಿಯುತ್ತಿತ್ತು. ನಿಜಸಂಗತಿ ಹಾಗಿಲ್ಲ. ಇದಕ್ಕೆ ಮೊದಲು ಬೇರೊಬ್ಬ ವಿಜ್ಞಾನಿಯ ಮೇಲೆ ಸರ್ಕಾರ ಬಹಿರಂಗವಾಗಿಯೇ ಸಂಶಯ ಹೊರಿಸಿತ್ತು. ಅವರ ಮನೆಯನ್ನು ದೂರದರ್ಶನದ ಕ್ಯಾಮೆರಾಗಳ ಎದುರಿನಲ್ಲಿ ಶೋಧಿಸಲಾಯಿತು, ಉದ್ಯೋಗ ಹೋಯಿತು. ಅವರು ನಿರಪರಾಧಿ ಎಂದು ಒಪ್ಪಿ, ಸುಮಾರು 58 ಲಕ್ಷ ಡಾಲರಿನ ಪರಿಹಾರಕ್ಕೆ ಸರ್ಕಾರ ಸಮ್ಮತಿಸಿದ್ದು 2008ರಲ್ಲಿ. ಅವರ ಹೆಸರನ್ನು ನಾನಿಲ್ಲಿ ಮತ್ತೆ ಎತ್ತುವುದಿಲ್ಲ, ಎತ್ತಿದವರು ಸಾಕಷ್ಟಿದ್ದಾರೆ. ಐವಿನ್ಸ್ ಅವರಾದರೋ ಅದೇ ವರ್ಷದ ಜುಲೈನಲ್ಲಿ, ತಮ್ಮ ಮೇಲೆ ಆರೋಪ ಬರುವುದು ಖಚಿತವಾದಾಗ, ಪ್ರಾಣ ಕಳೆದುಕೊಂಡರು. ಅವರೊಬ್ಬರೇ ಅಪರಾಧಿ ಎಂದು ಸರ್ಕಾರ ಸಾರಿತು. 2010ರ ಫೆಬ್ರವರಿಯಲ್ಲಿ ಪ್ರಕರಣವನ್ನು ಮುಚ್ಚಿತು. ನ್ಯಾಯಾಲಯದಲ್ಲಿ ಈ ಸಾಕ್ಷ್ಯದ ಪಾಟೀಸವಾಲು ನಡೆಯಲೇ ಇಲ್ಲ.

ಅದನ್ನು ಒಂದು ಮಟ್ಟಿಗೆ ಮಾಡಿದವರು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವಿದ್ವಾಂಸರು. ಅವರ ವರದಿ 2011ರ ಫೆಬ್ರವರಿಯಲ್ಲಿ ಹೊರಬಂದಿತು. ಅಂಚೆಯ ಪುಡಿಗೂ ಆ ಪಾತ್ರೆಗೂ ಸಂಬಂಧವಿರಬಹುದೆಂಬುದಕ್ಕೆ ಆನುವಂಶಿಕ ಸಾಕ್ಷ್ಯ ಹೊಂದುತ್ತದೆ. ಆದರೆ ಲಭ್ಯವಿರುವ ವೈಜ್ಞಾನಿಕ ಸಾಕ್ಷ್ಯವೊಂದರ ಬಲದಿಂದಲೇ ಪುಡಿಯ ಮೂಲವನ್ನು ನಿಶ್ಚಯಿಸಲು ಸಾಧ್ಯವಿಲ್ಲ ಎಂಬುದು ಅದರ ಸಾರ. ಒಂದೇ ಸ್ಖಲಿತ ಎರಡು ಪಾತ್ರೆಗಳಲ್ಲಿ ಪರಸ್ಪರ ಸಂಬಂಧವಿಲ್ಲದೆಯೂ ಹುಟ್ಟಬಹುದಲ್ಲವೆ? ಇದು ನಮಗೆ ಚೆನ್ನಾಗಿ ಗೊತ್ತಿರುವ ತೊಡಕು. ಲಕಾರ ಳಕಾರಗಳನ್ನು ಇಬ್ಬರು ಲಿಪಿಕಾರರು ಬೇರೆಬೇರೆಯಾಗಿಯೇ ತಪ್ಪಬಲ್ಲರು. ಅಷ್ಟರಿಂದ ಅವರು ಗುರುಶಿಷ್ಯರಾಗುವುದಿಲ್ಲ. ಅದೂ ಅಲ್ಲದೆ ಪಾತ್ರೆ ಸಿಕ್ಕಿದರೂ, ಆ ಪಾತ್ರೆಗೆ ಕೈ ಹಾಕಲು ಅವಕಾಶವಿದ್ದವರು ಹಲವರು. ಪ್ರತಿಯ ಮನೆತನವನ್ನು ಗರಿಗಳು ಹೇಳುತ್ತವೆ. ಆ ಕಟ್ಟನ್ನು ಮಠದಿಂದ ಕದ್ದವನು ಯಾರೆಂದು ಹೇಳುವುದಿಲ್ಲ.

ಕೈಮ್ ಅವರ ಕಡೆಯಿಂದ ನೋಡಿದರೆ, 2001ರ ಆ ರಾತ್ರಿಯ ಅವರ ಉತ್ತರ ಮುಂದೆಂದೂ ಅಲುಗಾಡಲಿಲ್ಲ. ತಳಿ ಯಾವುದೆಂದು ಕೇಳಿದ್ದರು, ಹೇಳಿದರು. 2007ರಲ್ಲಿ ಅವರ ತಂಡ 1,033 ಮಾದರಿಗಳನ್ನು ಹಿಡಿದು ಪ್ರಪಂಚದ ಆಂಥ್ರಾಕ್ಸಿನ ವಂಶವೃಕ್ಷವನ್ನು ಹನ್ನೆರಡು ಶಾಖೆಗಳಾಗಿ ಬರೆಯಿತು. ಕುತೂಹಲದ ಸಂಗತಿಯೆಂದರೆ, ಅಮೆರಿಕವನ್ನು ನಡುಗಿಸಿದ ಏಮ್ಸ್ ತಳಿಯ ಹತ್ತಿರದ ನಂಟರು ಇದ್ದುದು ಚೀನದಲ್ಲಿ. ದನಕರು, ಚರ್ಮ, ಉಣ್ಣೆಗಳ ವ್ಯಾಪಾರದೊಡನೆ ರೋಗಗಳೂ ಸಮುದ್ರ ದಾಟಿದ್ದವು.

ವಂಶಾವಳಿಯನ್ನು ಓದುವ ವಿದ್ಯೆ ಬಲಿಷ್ಠರಿಗೆ ಯಾವಾಗಲೂ ಹಿತವಾಗುವುದಿಲ್ಲ. 2010ರ ಜನವರಿಯಲ್ಲಿ ಹೈಟಿ ದೇಶ ಭೂಕಂಪದಿಂದ ನೆಲಕಚ್ಚಿತು. ಅಕ್ಟೋಬರಿನಲ್ಲಿ ಅಲ್ಲಿ ಕಾಲರ ಕಾಣಿಸಿಕೊಂಡು, ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಕೊಂದಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿದ್ದ ನೇಪಾಳಿ ಸೈನಿಕರ ಶಿಬಿರದ ಕೊಳಚೆ ನದಿಗೆ ಸೇರಿದ್ದೇ ಮೂಲವೆಂದು ಜನ ಹೇಳತೊಡಗಿದರು; ಸಂಸ್ಥೆ ಒಪ್ಪಲಿಲ್ಲ. ಡೆನ್ಮಾರ್ಕಿನ, ನೇಪಾಳದ ವಿಜ್ಞಾನಿಗಳೊಡನೆ ಕೈಮ್ ಸೇರಿ, ನೇಪಾಳದಲ್ಲಿ ಅದೇ ವರ್ಷ ಸಿಕ್ಕ 24 ಕಾಲರ ಮಾದರಿಗಳನ್ನು ಹೈಟಿಯವುಗಳೊಡನೆ ಹೋಲಿಸಿ 2011ರಲ್ಲಿ ಪ್ರಕಟಿಸಿದರು. ಕೆಲವದರಲ್ಲಿ ವ್ಯತ್ಯಾಸ ಒಂದೆರಡು ಅಕ್ಷರಗಳಷ್ಟೆ. ಇಲ್ಲಿ ಯಾವ ಸೈನಿಕನೂ ಅಪರಾಧಿಯಲ್ಲ. ಹೊಲಸನ್ನು ನದಿಗೆ ಬಿಟ್ಟ ವ್ಯವಸ್ಥೆ ಉತ್ತರ ಹೇಳಬೇಕಾಗಿತ್ತು. ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ.

ಸಾಹಿತ್ಯದವರಾದ ನಮಗೆ ಹತ್ತಿರವಾದ ಇನ್ನೊಂದು ಇಕ್ಕಟ್ಟಿನಲ್ಲಿಯೂ ಕೈಮ್ ಸಿಲುಕಿದರು. ಅದು ಪ್ರಕಟಣೆಯ ಸ್ವಾತಂತ್ರ್ಯದ್ದು. ಜೈವಿಕ ಸುರಕ್ಷತೆಯ ಬಗ್ಗೆ ಅಮೆರಿಕ ಸರ್ಕಾರಕ್ಕೆ ಸಲಹೆ ಕೊಡುವ ವಿಜ್ಞಾನ ಮಂಡಲಿಯ ಹಂಗಾಮಿ ಅಧ್ಯಕ್ಷರಾಗಿದ್ದಾಗ, 2011ರಲ್ಲಿ, ಎರಡು ಪ್ರಬಂಧಗಳು ಅದರ ಮುಂದೆ ಬಂದವು. ಹಾಲೆಂಡಿನಲ್ಲೊಂದು, ಅಮೆರಿಕದಲ್ಲೊಂದು ತಂಡ ಹಕ್ಕಿಜ್ವರದ ವೈರಸ್ಸನ್ನು ಮಾರ್ಪಡಿಸಿ, ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳಲ್ಲಿ ಅದು ಗಾಳಿಯ ಮೂಲಕ ಹರಡುವಂತೆ ಮಾಡಿದ್ದವು. ಅಂದಿನವರೆಗೆ ಆ ಜ್ವರ ತಗುಲಿದುದು ವರದಿಯಾದ ಮನುಷ್ಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸತ್ತಿದ್ದರು. ಇದರ ಮುಂದೆ ಆಂಥ್ರಾಕ್ಸ್ ಹೆದರುವಂಥದೇ ಅಲ್ಲ ಎಂಬರ್ಥದ ಮಾತನ್ನು ಜೀವನದ ಬಹುಭಾಗ ಆಂಥ್ರಾಕ್ಸಿನೊಡನೆ ಕಳೆದ ಕೈಮ್ ಆಡಿದರು. ಮಾಡಿದ ಬಗೆಯ ವಿವರಗಳನ್ನು ಬಿಟ್ಟು ಪ್ರಬಂಧಗಳನ್ನು ಅಚ್ಚು ಹಾಕಬೇಕೆಂದು ಮಂಡಲಿ ಡಿಸೆಂಬರಿನಲ್ಲಿ ಹೇಳಿತು. ವಿಜ್ಞಾನಲೋಕದಲ್ಲಿ ದೊಡ್ಡ ವಾಗ್ವಾದವೆದ್ದಿತು. 2012ರ ಮಾರ್ಚಿಯಲ್ಲಿ, ತಿದ್ದಿದ ಪ್ರಬಂಧಗಳನ್ನು ನೋಡಿ ಮಂಡಲಿ ತನ್ನ ಮಾತನ್ನು ಬದಲಿಸಿತು. ಒಂದರ ಪ್ರಕಟಣೆಗೆ ಎಲ್ಲರೂ ಒಪ್ಪಿದರು. ಇನ್ನೊಂದಕ್ಕೆ ಹನ್ನೆರಡು ಮಂದಿ ಒಪ್ಪಿ ಆರು ಮಂದಿ ಒಪ್ಪಲಿಲ್ಲ. ಬರಹಕ್ಕೆ ಕತ್ತರಿ ಹಾಕುವವರನ್ನು ಕಂಡರೆ ನನಗೆ ಎಂದಿನಿಂದಲೂ ಆಗದು. ಆದರೆ ಅಡಿಗೆಯ ವಿಧಾನದಂತೆ ಮರಣದ ವಿಧಾನವನ್ನು ಅಚ್ಚು ಹಾಕಬಹುದೇ ಎಂದು ಯಾರಾದರೂ ಕೇಳಿದರೆ, ಒಪ್ಪದ ಆ ಆರು ಮಂದಿಯನ್ನು ಅರಸಿಕರೆಂದು ತಳ್ಳಿಹಾಕುವ ಧೈರ್ಯವೂ ನನಗಿಲ್ಲ.

ಕೊನೆಯದಾಗಿ, ಆ ಹಳೆಯ ಪ್ರಶ್ನೆಗೆ ಬರುತ್ತೇನೆ: ರೋಗ ತಾನಾಗಿ ಬಂದುದೋ, ಯಾರಾದರೂ ತಂದುದೋ. 1979ರ ಏಪ್ರಿಲ್‌ನಲ್ಲಿ ಸೋವಿಯತ್ ದೇಶದ ಸ್ವೆರ್ಡ್‌ಲೋವ್‌ಸ್ಕ್ ನಗರದಲ್ಲಿ ಆಂಥ್ರಾಕ್ಸ್ ಎದ್ದು ಕನಿಷ್ಠ 66 ಜನ ಸತ್ತರು. ಕೆಟ್ಟ ಮಾಂಸ ತಿಂದು ಸತ್ತರು ಎಂದಿತು ಸರ್ಕಾರ. ಸತ್ತವರ ದೇಹಗಳನ್ನು ಪರೀಕ್ಷಿಸಿದ ವೈದ್ಯರಾದ ಫೈನಾ ಅಬ್ರಾಮೋವ ಮತ್ತು ಲೆವ್ ಗ್ರಿನ್‌ಬರ್ಗ್ ಅಂಗಾಂಶದ ತುಣುಕುಗಳನ್ನು ಅಧಿಕಾರಿಗಳ ಕಣ್ಣು ತಪ್ಪಿಸಿ ಉಳಿಸಿಕೊಂಡರು. ಕಾರಣ ಸೈನ್ಯದ ಕಾರ್ಖಾನೆಯೆಂದು ಅಧ್ಯಕ್ಷ ಯೆಲ್ತ್ಸಿನ್ 1992ರಲ್ಲಿ ಒಪ್ಪಿಕೊಂಡರು. ಸತ್ತವರಲ್ಲಿ ಬಹುಮಂದಿ ಆ ಕಾರ್ಖಾನೆಯಿಂದ ಗಾಳಿ ಬೀಸಿದ ಒಂದು ಕಿರಿದಾದ ಪಟ್ಟಿಯಲ್ಲಿದ್ದವರೆಂದು ಅಮೆರಿಕದ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿಕೊಟ್ಟರು. ಒಂದು ಪ್ರಶ್ನೆ ಉಳಿದಿತ್ತು: ಆ ಜೀವಾಣುವನ್ನು ಸೋವಿಯತ್ ವಿಜ್ಞಾನಿಗಳು ಔಷಧಗಳಿಗೆ ಬಗ್ಗದಂತೆ ತಿದ್ದಿದ್ದರೆ? ಫಾರ್ಮಲಿನ್‌ನಲ್ಲಿ ಅದ್ದಿ ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದಲ್ಲಿ ಡಿಎನ್‌ಎ ಚೂರುಚೂರಾಗಿರುತ್ತದೆ, ಗೆದ್ದಲು ತಿಂದ ಗರಿಯ ಹಾಗೆ. ಕೈಮ್ ಅವರ ತಂಡ ಇಬ್ಬರ ಅಂಗಾಂಶಗಳಿಂದ ಆ ಚೂರುಗಳನ್ನು ಜೋಡಿಸಿ ಓದಿ, 2016ರಲ್ಲಿ ಫಲಿತಾಂಶ ಪ್ರಕಟಿಸಿತು. ತಿದ್ದಿದ ಗುರುತು ಎಲ್ಲಿಯೂ ಇರಲಿಲ್ಲ. ಏಷ್ಯದ ಹುಲ್ಲುಗಾವಲುಗಳಲ್ಲಿ ದನ ಕುರಿಗಳನ್ನು ಕೊಲ್ಲುವ ನೆರಡಿಯ ಸಾಮಾನ್ಯ ತಳಿಯೇ ಅದು.